8 ವಾರದ ವಿನ್ಯಾಸದ ಕೆಲಸ 23 ವಾರವಾದರೂ ಮುಗಿಯದಿರುವ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು,
ವೆಬ್ ವಿನ್ಯಾಸ ಸೇವೆ

ವಿಷಯ: ವೆಬ್‌ಸೈಟ್ ವಿನ್ಯಾಸದ ವಿಳಂಬ, ಮೊದಲೇ ತಿಳಿಸದೆ ಕಳಿಸಿದ ಹೆಚ್ಚುವರಿ ಬಿಲ್, ಬಾಕಿ ಉಳಿದ ಎರಡು ಪುಟಗಳು

ಮಾನ್ಯರೇ,

ನಮ್ಮ ತರಬೇತಿ ಕೇಂದ್ರದ ವೆಬ್‌ಸೈಟನ್ನು ಹೊಸದಾಗಿ ವಿನ್ಯಾಸ ಮಾಡುವ ಕೆಲಸವನ್ನು ನಿಮಗೆ ಒಪ್ಪಿಸಿ 23 ವಾರ ಆಯಿತು. ಒಪ್ಪಂದದಲ್ಲಿ ಇದ್ದದ್ದು 8 ವಾರ, 12 ಪುಟ, ಪ್ರತಿ ಪುಟಕ್ಕೆ 2 ಸುತ್ತು ತಿದ್ದುಪಡಿ. ಹೋದ ವಾರ ನಿಮ್ಮಿಂದ ಹೆಚ್ಚುವರಿ ಬಿಲ್ ಬಂತು. ಒಪ್ಪಿಕೊಂಡ ಮೊತ್ತದ ಅರ್ಧದಷ್ಟಿದೆ. ಕೆಲಸ ಮಾತ್ರ ಇನ್ನೂ ಪೂರ್ತಿ ಬಂದಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಡಿಸೈನರ್ ಮೇಲೆ ನನ್ನ ದೂರಿಲ್ಲ. ಅವರು ಒಳ್ಳೆಯ ಕೆಲಸಗಾರರು, ಕೇಳಿದ್ದನ್ನು ಬೇಸರವಿಲ್ಲದೆ ಮಾಡಿಕೊಟ್ಟರು. ನನ್ನ ದೂರು ಕೆಲಸವನ್ನು ಯೋಜಿಸಿ ನಡೆಸಬೇಕಾಗಿದ್ದವರ ಮೇಲೆ. ನಾವು ಏನು ಕೇಳಿದರೂ ನೀವು ಹೂಂಗುಟ್ಟಿದಿರಿ. ಹಾಗೆ ಹೂಂ ಅಂದಾಗ ಎಷ್ಟು ದಿನ ಜಾಸ್ತಿ ಆಗುತ್ತದೆ, ಯಾವ ಕೆಲಸ ಹಿಂದೆ ಬೀಳುತ್ತದೆ ಅನ್ನುವುದನ್ನು ಒಂದು ಸಲವೂ ಹೇಳಲಿಲ್ಲ.

ನಾವು ನಿಮ್ಮ ಹತ್ತಿರ ಯಾಕೆ ಬಂದೆವು ಅಂತ ನೆನಪಿಸಬೇಕಾಗಿದೆ. ಹಳೆಯ ಸೈಟಿನಲ್ಲಿ ಮೊಬೈಲಿನಿಂದ ಅರ್ಜಿ ತುಂಬುವವರಿಗೆ ಒಂದು ತೊಂದರೆ ಇತ್ತು. ಕೊನೆಯ ಸಾಲಿನಲ್ಲಿ ಟೈಪ್ ಮಾಡಲು ಕೀಬೋರ್ಡ್ ಮೇಲೆ ಬಂದರೆ ‘ಅರ್ಜಿ ಕಳಿಸಿ’ ಬಟನ್ ಅದರ ಹಿಂದೆ ಮರೆಯಾಗುತ್ತಿತ್ತು. ಎಷ್ಟೋ ಜನ ಎಲ್ಲ ತುಂಬಿ, ಬಟನ್ ಕಾಣದೆ ಬಿಟ್ಟುಹೋದರು. ಮೊದಲ ಸಭೆಯಲ್ಲಿ ನನ್ನ ಫೋನಿನಲ್ಲೇ ಅದನ್ನು ತೋರಿಸಿದ್ದೆ. ನೀವು ಬರೆದುಕೊಂಡಿರಿ. 23 ವಾರ ಆದಮೇಲೆ 12 ಪುಟಗಳಲ್ಲಿ 10 ಮುಗಿದಿವೆ. ಬಾಕಿ ಇರುವ ಎರಡು ಯಾವುವು ಗೊತ್ತಾ? ಅರ್ಜಿ ತುಂಬುವ ಪುಟ, ಅದರ ನಂತರ ಬರುವ ‘ಅರ್ಜಿ ತಲುಪಿದೆ’ ಅನ್ನುವ ಪುಟ. ಯಾವುದಕ್ಕಾಗಿ ಬಂದೆವೋ ಅದೇ ಕೊನೆಗೆ ಉಳಿಯಿತು.

ಇದು ಹೇಗಾಯಿತು ಅಂತ ಹಳೆಯ ಸಂದೇಶಗಳನ್ನೆಲ್ಲ ತೆಗೆದು ಓದಿದೆ. ಒಂದು ಉದಾಹರಣೆ ಸಾಕು.

ಮೂರನೇ ವಾರದ ಕರೆಯಲ್ಲಿ ನಾನು, “ತರಗತಿಗಳ ಪಟ್ಟಿಯಲ್ಲಿ ದಿನಾಂಕ ನೋಡಿ ಆರಿಸೋ ಹಾಗೆ ಮಾಡಬಹುದಾ?” ಅಂತ ಕೇಳಿದೆ. ಸುಮ್ನೆ ಕೇಳಿದ್ದು, ಬೇಕೇ ಬೇಕು ಅಂತ ಅಲ್ಲ. ನಿಮ್ಮ ಯೋಜನಾ ವ್ಯವಸ್ಥಾಪಕರು, “ಸಣ್ಣ ಕೆಲಸ ಮೇಡಂ, ಮಾಡಿಬಿಡೋಣ” ಅಂದರು. ಅದರ ಮೇಲೆ ಮಾತೇ ಆಗಲಿಲ್ಲ. ಆಮೇಲೆ ನೋಡಿದರೆ ಆ ಒಂದು ಫಿಲ್ಟರಿಗೆ ಆರು ಸ್ಥಿತಿ ಬೇಕಾಯಿತು. ಮುಚ್ಚಿರುವಾಗ ಒಂದು, ತೆರೆದಾಗ ಒಂದು, ಆರಿಸಿದ ಮೇಲೆ ಒಂದು. ಆ ದಿನಾಂಕಕ್ಕೆ ತರಗತಿಯೇ ಇಲ್ಲದಿದ್ದರೆ ಏನು ತೋರಿಸಬೇಕು, ಪಟ್ಟಿ ಬರುವ ತನಕ ಏನು ಕಾಣಬೇಕು, ನೆಟ್ ಕೈಕೊಟ್ಟರೆ ಏನು ಹೇಳಬೇಕು. ಪ್ರತಿಯೊಂದಕ್ಕೂ ಕಂಪ್ಯೂಟರಿಗೆ ಒಂದು ಚಿತ್ರ, ಮೊಬೈಲಿಗೆ ಒಂದು ಚಿತ್ರ. ಒಟ್ಟು 12. ಒಪ್ಪಂದದ 12 ಪುಟಗಳಿಗೂ ಕಂಪ್ಯೂಟರ್, ಮೊಬೈಲ್ ಎರಡೂ ಸೇರಿ ಬೇಕಾಗಿದ್ದದ್ದು 24 ಚಿತ್ರ. ಅಂದರೆ ಒಂದು ‘ಸಣ್ಣ ಕೆಲಸ’ ಇಡೀ ಕೆಲಸದ ಅರ್ಧದಷ್ಟು ಆಯಿತು. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗೆ. ನಮ್ಮಲ್ಲಿ ಒಂದು ಸಲಕ್ಕೆ ಹತ್ತು ಹದಿನೈದು ತರಗತಿಗಿಂತ ಜಾಸ್ತಿ ಇರುವುದಿಲ್ಲ. ಬೆರಳಿನಿಂದ ಎರಡು ಸಲ ಸರಿಸಿದರೆ ಪಟ್ಟಿ ಮುಗಿಯುತ್ತದೆ. ಅವತ್ತು ನೀವು, “ಇದಕ್ಕೆ ಎರಡು ವಾರ ಬೇಕು, ಅರ್ಜಿಯ ಪುಟ ಹಿಂದೆ ಹೋಗುತ್ತೆ, ಪರವಾಗಿಲ್ವಾ?” ಅಂತ ಕೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆ.

ನಾವು ಕೇಳಿದ್ದು ನಿಜ. ಅದನ್ನು ಮುಚ್ಚಿಡುವುದಿಲ್ಲ. ನಿಮ್ಮ ಬಿಲ್ಲಿನಲ್ಲಿ 14 ಹೆಚ್ಚುವರಿ ಬದಲಾವಣೆಗಳಿವೆ. ಒಂದೊಂದನ್ನೂ ಸಂದೇಶಗಳ ಜೊತೆ ಇಟ್ಟು ನೋಡಿದೆ. 9 ನಾವು ಕೇಳಿದ್ದು. ಆದರೆ ಗ್ರಾಹಕರು ಕೇಳುವುದು ಸಹಜ ಅಲ್ವಾ? ಕಣ್ಣ ಮುಂದೆ ಪುಟ ಕಂಡಾಗ ಹೊಸದೊಂದು ಹೊಳೆಯುತ್ತದೆ. ಒಂದು ಪುಟಕ್ಕೆ ಎಷ್ಟು ಕೆಲಸ ಹಿಡಿಯುತ್ತದೆ ಅನ್ನುವುದು ನಮಗೆ ಗೊತ್ತಿಲ್ಲ, ನಿಮಗೆ ಗೊತ್ತು. ಆ ಲೆಕ್ಕ ಹೇಳುವುದಕ್ಕೂ ಸೇರಿಸಿಯೇ ನಾವು ಹಣ ಕೊಟ್ಟಿರುವುದು. ಬದಲಾವಣೆಯ ಕೋರಿಕೆ ಬಂದರೆ ಬರಹದಲ್ಲಿ ತೆಗೆದುಕೊಂಡು, ದಿನ ಮತ್ತು ಖರ್ಚು ತಿಳಿಸಿ, ಒಪ್ಪಿಗೆ ಪಡೆದ ಮೇಲೆಯೇ ಶುರು ಮಾಡುತ್ತೇವೆ ಅಂತ ನಿಮ್ಮ ಒಪ್ಪಂದದಲ್ಲೇ ಇದೆ. 14ರಲ್ಲಿ ಒಂದಕ್ಕೂ ಹಾಗೆ ಆಗಿಲ್ಲ.

ಇನ್ನು 3 ಬದಲಾವಣೆ ನಿಮ್ಮ ಕಡೆಯವರೇ ಸೇರಿಸಿದ್ದು. ಮುಖಪುಟದಲ್ಲಿ ಚಿತ್ರಗಳು ಒಂದರ ಹಿಂದೆ ಒಂದು ತೇಲಿ ಬರುವ ಅನಿಮೇಷನ್ ಯಾರು ಕೇಳಿದ್ದರು? ನೋಡಿದಾಗ “ಚೆನ್ನಾಗಿದೆ” ಅಂದೆ. ಅದಕ್ಕೆ ಬಿಲ್ ಬರುತ್ತದೆ ಅಂತ ಯಾರೂ ಹೇಳಲಿಲ್ಲ.

ಉಳಿದ 2 ನನಗೆ ತುಂಬ ಬೇಸರ ತಂದವು. ತರಗತಿಗಳ ವಿವರವನ್ನು ನಿಮ್ಮವರು ಬಿಳಿಯ ಮೇಲೆ ತೆಳು ಬೂದು ಅಕ್ಷರದಲ್ಲಿ ಇಟ್ಟಿದ್ದರು. ನಮ್ಮಲ್ಲಿ ಕಲಿಯಲು ಬರುವವರಲ್ಲಿ ವಯಸ್ಸಾದವರಿದ್ದಾರೆ, ದೃಷ್ಟಿ ಮಂದ ಇರುವವರಿದ್ದಾರೆ. ಅಂಥ ಒಬ್ಬರಿಗೆ ತೋರಿಸಿದೆ. ಅವರು ಫೋನನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಕೊನೆಗೆ, “ಇಲ್ಲಿ ಏನಾದ್ರೂ ಬರೆದಿದೆಯಾ?” ಅಂತ ನನ್ನನ್ನೇ ಕೇಳಿದರು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕು ಅನ್ನುವುದು, ವೆಬ್‌ಸೈಟುಗಳು ಎಲ್ಲರಿಗೂ ಬಳಸಲು ಬರುವಂತಿರಬೇಕು ಅಂತ 2008ರಲ್ಲಿ ಬಂದ ಡಬ್ಲ್ಯೂಸಿಎಜಿ 2.0 ಮಾರ್ಗಸೂಚಿಯಲ್ಲೇ ಇದೆ. ಅದನ್ನು ಪಾಲಿಸುತ್ತೇವೆ ಅಂತ ನಿಮ್ಮ ಪ್ರಸ್ತಾವನೆಯಲ್ಲೂ ಬರೆದಿದ್ದಿರಿ. ನಾವು ಹೇಳಿದ ಮೇಲೆ ಬಣ್ಣ ಗಾಢ ಮಾಡಿದಿರಿ. ಅದನ್ನು ನಮ್ಮ 2 ಸುತ್ತಿನ ತಿದ್ದುಪಡಿಯಲ್ಲಿ ಒಂದು ಸುತ್ತು ಅಂತ ಎಣಿಸಿದಿರಿ, ಮೇಲೆ ಬಿಲ್ಲಿನಲ್ಲೂ ಹಾಕಿದಿರಿ. ಕೈಬಿಟ್ಟು ಹೋಗಿದ್ದ ಮೊಬೈಲ್ ಮೆನುವಿನದ್ದೂ ಇದೇ ಕಥೆ. ನಿಮ್ಮ ತಪ್ಪನ್ನು ನೀವು ತಿದ್ದಿದರೆ ಅದು ನಮ್ಮ ಬದಲಾವಣೆ ಹೇಗಾಗುತ್ತದೆ?

ಹತ್ತನೇ ವಾರ ನಾನು ವಿಳಂಬದ ಬಗ್ಗೆ ಕೇಳಿದಾಗ ನೀವು, “ಸಿಡ್ನಿಯ ಒಪೆರಾ ಹೌಸ್ ಕೂಡ ತಡವಾಗಿತ್ತು ಮೇಡಂ, ಒಳ್ಳೆಯ ವಿನ್ಯಾಸಕ್ಕೆ ಸಮಯ ಬೇಕು” ಅಂದಿರಿ. ಆ ಮಾತು ಮನಸ್ಸಿನಲ್ಲಿ ಉಳಿಯಿತು, ಅದರ ಬಗ್ಗೆ ಓದಿದೆ. 1959ರಲ್ಲಿ ಕೆಲಸ ಶುರುವಾಗಿ 1963ರಲ್ಲಿ ಮುಗಿಯಬೇಕಾಗಿದ್ದ ಕಟ್ಟಡ ತೆರೆದದ್ದು 1973ರಲ್ಲಿ. 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ಅಂತ ಅಂದಾಜಿಸಿದ್ದ ಖರ್ಚು 10 ಕೋಟಿ 20 ಲಕ್ಷಕ್ಕೆ ಹೋಯಿತು. ಮೇಲಿನ ಚಿಪ್ಪಿನಂಥ ಚಾವಣಿಯನ್ನು ಹೇಗೆ ಕಟ್ಟಬೇಕು ಅಂತ ಇನ್ನೂ ತೀರ್ಮಾನ ಆಗಿರಲಿಲ್ಲ, ಅಷ್ಟರಲ್ಲೇ ಕೆಳಗಿನ ವೇದಿಕೆ ಕಟ್ಟಲು ಶುರು ಮಾಡಿದ್ದರು. ಆಮೇಲೆ ಚಾವಣಿಯ ಭಾರ ತಾಳಲಾರದ ಕಂಬಗಳನ್ನು ಮತ್ತೆ ಕಟ್ಟಬೇಕಾಯಿತು. ವಿನ್ಯಾಸ ಮಾಡಿದ ಯೋರ್ನ್ ಉಟ್ಸಾನ್ 1966ರಲ್ಲಿ ಅರ್ಧಕ್ಕೇ ಬಿಟ್ಟು ಹೋದರು.

ನಮ್ಮಲ್ಲೂ ಆದದ್ದು ಅದೇ. ಯಾವ ಪುಟದಲ್ಲಿ ಏನಿರಬೇಕು ಅಂತ ಬರೀ ಗೆರೆ ಮತ್ತು ಚೌಕಗಳಲ್ಲಿ ತೋರಿಸುವ ವೈರ್‌ಫ್ರೇಮ್‌ಗೆ ನಮ್ಮ ಒಪ್ಪಿಗೆ ತೆಗೆದುಕೊಂಡ ಮೇಲೆ ಬಣ್ಣ, ಚಿತ್ರ ಅಂತ ನಿಮ್ಮ ವೇಳಾಪಟ್ಟಿಯಲ್ಲಿತ್ತು. ನೀವು ಐದನೇ ವಾರಕ್ಕೆ ಬಣ್ಣ ತುಂಬಿದ ಪುಟಗಳನ್ನೇ ತಂದಿರಿ. ನೋಡಲು ಚೆಂದ ಇದ್ದವು, ನಾವೂ ಖುಷಿಪಟ್ಟೆವು. ಗೆರೆಯ ಚೌಕವನ್ನು ಎಡದಿಂದ ಬಲಕ್ಕೆ ಇಡಲು ಹತ್ತು ನಿಮಿಷ. ಬಣ್ಣ, ಚಿತ್ರ, ಅಕ್ಷರ ಎಲ್ಲ ಕೂಡಿಸಿದ ಪುಟದಲ್ಲಿ ಅದನ್ನೇ ಮಾಡಲು ನಿಮ್ಮವರಿಗೆ ಎರಡು ದಿನ ಹಿಡಿಯಿತು.

ಹದಿನಾಲ್ಕನೇ ವಾರ ಇನ್ನಿಬ್ಬರನ್ನು ತಂಡಕ್ಕೆ ಸೇರಿಸಿದಿರಿ. ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ತಡವಾಗಿರುವ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಅಂತ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದಾರೆ. ಮೂರು ಜನ ಇದ್ದಾಗ ಒಬ್ಬರಿಗೊಬ್ಬರು ಮಾತಾಡಿಕೊಳ್ಳುವ ಜೋಡಿ 3, ಐದು ಜನ ಆದರೆ 10. ಹೊಸಬರಿಬ್ಬರಿಗೂ ನಾನು ಮತ್ತೆ ಮೊದಲಿಂದ ಎಲ್ಲ ಹೇಳಬೇಕಾಯಿತು. ಹಳೆಯ ಅರ್ಜಿಯ ಬಟನ್ ವಿಷಯ ಅವರಿಗೆ ಗೊತ್ತೇ ಇರಲಿಲ್ಲ.

ಇದರ ನಡುವೆ ನಮ್ಮಲ್ಲಿ ಹೊಸದಾಗಿ ಕಲಿಯಲು ಬರುವವರ ನೋಂದಣಿ ಶುರುವಾಗಿ ಮುಗಿದೂ ಹೋಯಿತು. ಹಳೆಯ ಸೈಟಿನಲ್ಲೇ. “ಕಳಿಸೋದು ಎಲ್ಲಿ?” ಅಂತ ಫೋನ್ ಮಾಡಿದವರಿಗೆ ನಾವು ಒಬ್ಬೊಬ್ಬರಿಗೂ ಕೀಬೋರ್ಡ್ ಕೆಳಗಿಳಿಸುವುದನ್ನು ಹೇಳಿಕೊಟ್ಟೆವು. ಫೋನ್ ಮಾಡದೆ ಸುಮ್ಮನಾದವರು ಎಷ್ಟು ಜನವೋ.

ಈಗ ನಾನು ಕೇಳುತ್ತಿರುವುದು ಇಷ್ಟು. ಹೆಚ್ಚುವರಿ ಬಿಲ್ಲನ್ನು ಹಿಂದಕ್ಕೆ ತೆಗೆದುಕೊಳ್ಳಿ. ನಿಮ್ಮ ತಪ್ಪು ತಿದ್ದಿದ 2, ನೀವೇ ಸೇರಿಸಿದ 3, ಇವಕ್ಕೆ ನಾವು ಕೊಡುವುದಿಲ್ಲ. ನಾವು ಕೇಳಿದ 9ರ ಬಗ್ಗೆ ಕೂತು ಮಾತಾಡಲು ಸಿದ್ಧ. ಯಾವ ದಿನ ಯಾರು ಕೇಳಿದರು, ನಿಮ್ಮಲ್ಲಿ ಯಾರು ಒಪ್ಪಿದರು, ಎಷ್ಟು ಗಂಟೆ ಹಿಡಿಯಿತು ಅಂತ ಪಟ್ಟಿ ಕೊಡಿ. ನಮ್ಮ ಬಳಕೆಗೆ ಬಂದದ್ದಕ್ಕೆ ನ್ಯಾಯವಾದದ್ದನ್ನು ಕೊಡುತ್ತೇವೆ. ಫಿಲ್ಟರ್ ಇನ್ನೂ ಅರ್ಧಕ್ಕೇ ಇದೆ. ಅದನ್ನು ಅಲ್ಲಿಗೇ ನಿಲ್ಲಿಸಿ, ನಮಗೆ ಬೇಡ.

ಅರ್ಜಿಯ ಪುಟ ಮತ್ತು ಅದರ ನಂತರದ ಪುಟ, ಈ ಎರಡನ್ನು ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕಬೇಡಿ. ಮೊದಲು ವೈರ್‌ಫ್ರೇಮ್ ಕಳಿಸಿ, ನಮ್ಮ ಒಪ್ಪಿಗೆ ಬರಹದಲ್ಲಿ ಬಂದ ಮೇಲೆ ಮುಂದುವರಿಯಿರಿ. ನಮ್ಮ ಕಡೆಯಿಂದ ಇನ್ನು ಮುಂದೆ ನಾನೊಬ್ಬಳೇ ಮಾತಾಡುತ್ತೇನೆ. ನಿಮ್ಮ ಕಡೆಯಿಂದಲೂ ಒಬ್ಬರೇ ಇರಲಿ, ‘ಇದು ಈ ಸಲ ಆಗುವುದಿಲ್ಲ’ ಅನ್ನುವ ಅಧಿಕಾರ ಅವರಿಗೆ ಇರಲಿ. ನಾನು ಹೊಸದೇನಾದರೂ ಕೇಳಿದರೆ ದಯವಿಟ್ಟು ಆಗಲ್ಲ ಅನ್ನಿ, ಇಲ್ಲವೇ ಎಷ್ಟು ದಿನ ಅಂತ ಹೇಳಿ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಮುಗಿದ 10 ಪುಟಗಳ ಮೂಲ ಫೈಲುಗಳನ್ನು, ತಿದ್ದಲು ಬರುವ ರೂಪದಲ್ಲೇ, ಈ ವಾರ ಕಳಿಸಿಕೊಡಿ. ಈವರೆಗೆ ಬರೀ ಚಿತ್ರಗಳಾಗಿ ಬಂದಿವೆ, ಅವುಗಳಿಂದ ನಮ್ಮ ಡೆವಲಪರ್ ಅಳತೆ ತೆಗೆಯಲು ಆಗುತ್ತಿಲ್ಲ.

10 ಕೆಲಸದ ದಿನಗಳ ಒಳಗೆ ಬರಹದಲ್ಲಿ ಉತ್ತರ ಕೊಡಿ. ಒಪ್ಪಂದದ ಪ್ರತಿ, 14 ಬದಲಾವಣೆಗಳಿಗೆ ಸಂಬಂಧಿಸಿದ ಸಂದೇಶಗಳು, ಹಳೆಯ ಅರ್ಜಿ ಪುಟದ ಫೋನ್ ಚಿತ್ರ ಇದರ ಜೊತೆ ಇಟ್ಟಿದ್ದೇನೆ.

ಇಂತಿ,
ಸಂಚಾಲಕಿ,
ತರಬೇತಿ ಕೇಂದ್ರ