ನೀರಿನ ಅಣುವೂ ಧ್ರುವಸಾಗರದ ಮಂಜುಗಡ್ಡೆಯೂ

ಚಿರಂಜೀವಿ ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು. ಉಭಯ ಕುಶಲೋಪರಿ.

ಅಣುಗಳ ಧ್ರುವೀಯತೆಯ ಪಾಠವನ್ನು ಉರುಹೊಡೆದು ಮುಗಿಸಿದೆನೆಂದು ನೀನು ಬರೆದದ್ದನ್ನು ಓದಿ ನನಗೆ ತುಸು ಕಳವಳವಾಯಿತು. ಯಾವುದು ಧ್ರುವೀಯ, ಯಾವುದು ಅಲ್ಲ ಎಂಬ ಪಟ್ಟಿಯನ್ನು ಬದಿಗಿಟ್ಟು, ಅಣುವಿನ ಆಕಾರವನ್ನು ಕಾಗದದ ಮೇಲೆ ಬರೆದು ನೋಡುವ ಅಭ್ಯಾಸ ಮಾಡಿಕೋ. ಇಂಗಾಲದ ಡೈಆಕ್ಸೈಡಿನಲ್ಲಿಯೂ ನೀರಿನಲ್ಲಿಯೂ ಆಮ್ಲಜನಕವೇ ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆಯುತ್ತದೆ. ಆದರೆ ಮೊದಲನೆಯದು ಸರಳರೇಖೆಯಲ್ಲಿರುವುದರಿಂದ ಎರಡು ಬದಿಯ ಸೆಳೆತಗಳು ಪರಸ್ಪರ ಅಳಿಸಿಹೋಗುತ್ತವೆ, ನೀರಿನ ಅಣು 104.5 ಡಿಗ್ರಿ ಕೋನದಲ್ಲಿ ಬಾಗಿರುವುದರಿಂದ ಆಮ್ಲಜನಕದ ಕಡೆ ಅಲ್ಪ ಋಣ, ಜಲಜನಕದ ಕಡೆ ಅಲ್ಪ ಧನ ವಿದ್ಯುದಂಶ ಉಳಿಯುತ್ತದೆ. ಧ್ರುವೀಯತೆಯೆಂದರೆ ಇದೇ. ಪರೀಕ್ಷೆಗೆ ಇಷ್ಟು ಸಾಕು, ನಿನಗೆ ಸಾಲದು.

ಭೂಗೋಳದ ಪುಸ್ತಕವನ್ನೂ ಇದರ ಜೊತೆಗೇ ತೆರೆದಿಡು. ನೀರು ಹೆಪ್ಪುಗಟ್ಟುವಾಗ ಒಂದೊಂದು ಅಣುವೂ ನಾಲ್ಕು ನೆರೆಯ ಅಣುಗಳೊಡನೆ ಜಲಜನಕ ಬಂಧ (ಒಂದರ ಧನ ತುದಿಗೂ ಇನ್ನೊಂದರ ಋಣ ತುದಿಗೂ ನಡುವಿನ ಸೆಳೆತ) ಕಟ್ಟಿಕೊಂಡು, ನಡುನಡುವೆ ಬಯಲು ಬಿಟ್ಟ ಜಾಲವಾಗುತ್ತದೆ. ಆದ್ದರಿಂದಲೇ ಮಂಜುಗಡ್ಡೆಯ ಸಾಂದ್ರತೆ ನೀರಿಗಿಂತ ಸುಮಾರು ಶೇ 8ರಷ್ಟು ಕಡಿಮೆ. ಆದ್ದರಿಂದಲೇ ಆರ್ಕ್ಟಿಕ್ ಸಾಗರ ತಳದಿಂದ ಹೆಪ್ಪುಗಟ್ಟದೆ ಮೇಲ್ಮೈಯಲ್ಲಿ ಹೊದಿಕೆ ಹೊದ್ದು, ಅಡಿಯಲ್ಲಿ ಜೀವಿಗಳನ್ನು ಉಳಿಸಿಕೊಂಡಿದೆ.

ಇದಕ್ಕಿಂತ ಸೊಗಸಾದದ್ದು ಉಪ್ಪಿನ ಸಂಗತಿ. ದ್ರವರೂಪದ ನೀರು ತನ್ನ ಧ್ರುವೀಯತೆಯ ಬಲದಿಂದ ಉಪ್ಪಿನ ಅಯಾನುಗಳನ್ನು, ಅಂದರೆ ವಿದ್ಯುದಂಶ ಹೊತ್ತ ಕಣಗಳನ್ನು, ಸುತ್ತುವರಿದು ಕರಗಿಸಿಕೊಳ್ಳುತ್ತದೆ, ಅದೇ ನೀರು ಸುಮಾರು ಮೈನಸ್ 1.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುವಾಗ ಆ ಜಾಲದೊಳಗೆ ಅವಕ್ಕೆ ಸ್ಥಳವಿಲ್ಲದೆ ಬಹುಪಾಲನ್ನು ಹೊರದೂಡುತ್ತದೆ. ಹೀಗೆ ಉಪ್ಪೇರಿ ಭಾರವಾದ ತಣ್ಣೀರು ಅಂಟಾರ್ಕ್ಟಿಕಾದ ವೆಡೆಲ್ ಮತ್ತು ರಾಸ್ ಸಮುದ್ರಗಳಲ್ಲಿ ತಳಕ್ಕಿಳಿದು, ಸಾಗರದ ನೆಲದ ಮೇಲೆ ನಿಧಾನವಾಗಿ ಉತ್ತರಕ್ಕೆ ಹರಿಯುತ್ತದೆ. ನಮ್ಮ ಹಿಂದೂ ಮಹಾಸಾಗರದ ಆಳಕ್ಕೂ ಬರುತ್ತದೆ. ಬಾಗಿದ ಒಂದು ಅಣುವಿನಿಂದ ಇಷ್ಟು ದೂರ ಬರಬಹುದೆಂದು ಯಾವ ಗೈಡೂ ನಿನಗೆ ಹೇಳುವುದಿಲ್ಲ. (ಗೈಡುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ನಿನಗೆ ಗೊತ್ತೇ ಇದೆ.)

ಅಂಟಾರ್ಕ್ಟಿಕಾದ ಕಡಲಿನ ಕೆಲವು ಮೀನುಗಳ ರಕ್ತದಲ್ಲಿ ಹಿಮದ ಹರಳಿಗೆ ಅಂಟಿಕೊಂಡು ಅದು ಬೆಳೆಯದಂತೆ ತಡೆಯುವ ಪ್ರೋಟೀನುಗಳಿವೆ. 1960ರ ದಶಕದಲ್ಲಿ ಅಮೆರಿಕದ ಜೀವವಿಜ್ಞಾನಿ ಆರ್ಥರ್ ಡಿವ್ರೀಸ್ ಇವನ್ನು ಗುರುತಿಸಿದರು. ಬಿಡುವಾದಾಗ ಆ ಕುರಿತು ಹುಡುಕಿ ಓದು. ಈ ದಾರಿ ಹಿಡಿಸಿದರೆ ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ಕೆಲಸಗಳ ಮೇಲೂ ಕಣ್ಣಿಡು.

ಸದ್ಯಕ್ಕೆ ಅಮೋನಿಯಾ ಮತ್ತು ಬೋರಾನ್ ಟ್ರೈಫ್ಲೋರೈಡ್‌ಗಳ ಚಿತ್ರ ಬರೆದು, ಎರಡರಲ್ಲೂ ಒಂದಕ್ಕೆ ಮೂರರಂತೆ ಪರಮಾಣುಗಳಿದ್ದರೂ ಒಂದು ಮಾತ್ರ ಧ್ರುವೀಯವಾಗಿರುವುದು ಏಕೆಂದು ಪುಸ್ತಕ ನೋಡದೆ ನನಗೆ ಬರೆದು ಕಳುಹಿಸು.

ಇಂತಿ ನಿನ್ನ ಹಿತಚಿಂತಕ,
ದೊಡ್ಡಪ್ಪ