ಚಿತ್ರಕಲಾ ಶಿಕ್ಷಕರು ಬೇಕಿರುವುದು ನಾಲ್ಕನೇ ತರಗತಿಗೆ

ಮಾನ್ಯರೇ,

ಒಂದನೇ ತರಗತಿಯ ಮಗುವಿಗೆ ಹಸುವಿನ ಚಿತ್ರ ಬರೆ ಎಂದರೆ ಹಿಂದೆಮುಂದೆ ನೋಡದೆ ಬರೆಯುತ್ತದೆ. ನಾಲ್ಕು ಕಾಲೂ ಒಂದೇ ಸಾಲಿನಲ್ಲಿ, ಕೊಂಬು ಮೈಗಿಂತ ದೊಡ್ಡದು. ಅದೇ ಮಗು ಐದನೇ ತರಗತಿಗೆ ಬಂದಾಗ ‘ನಂಗೆ ಬರಲ್ಲ ಸಾರ್’ ಎಂದು ರಬ್ಬರ್ ಹುಡುಕುತ್ತದೆ. ಸುಮಾರು 9ರಿಂದ 12ರ ವಯಸ್ಸಿನಲ್ಲಿ, ತಾನು ಬರೆದದ್ದು ಕಂಡದ್ದರ ಹಾಗಿಲ್ಲ ಎಂಬುದು ಮಕ್ಕಳಿಗೆ ತಿಳಿಯತೊಡಗುತ್ತದೆ. ಕಣ್ಣು ಮುಂದೆ ಹೋಗಿರುತ್ತದೆ, ಕೈ ಹಿಂದೆ ಉಳಿದಿರುತ್ತದೆ. ಆ ಹೊತ್ತಿಗೆ ಹೇಳಿಕೊಡುವವರು ಸಿಗದಿದ್ದರೆ ಬಹಳಷ್ಟು ಮಕ್ಕಳು ಪೆನ್ಸಿಲ್ ಕೆಳಗಿಡುತ್ತಾರೆ. ಉಳಿದವರು ಎರಡು ತ್ರಿಕೋನ ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಹೊಳೆ, ದಡದಲ್ಲಿ ಗುಡಿಸಲು ಎಂಬ ಒಂದೇ ಚಿತ್ರಕ್ಕೆ ಅಂಟಿಕೊಳ್ಳುತ್ತಾರೆ. ಬೆಟ್ಟವನ್ನೇ ಕಾಣದ ಬಯಲುಸೀಮೆಯ ಮಗುವೂ ಬರೆಯುವುದು ಅದನ್ನೇ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರು ಸಿಗುವುದು ಹೆಚ್ಚಾಗಿ ಪ್ರೌಢಶಾಲೆಯಲ್ಲಿ, ಅಂದರೆ ಮಗು ಕೈಬಿಟ್ಟು ಮೂರ್ನಾಲ್ಕು ವರ್ಷವಾದ ಮೇಲೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು ಎನ್ನುತ್ತದೆ. ಆದರೆ ಅದು 6ರಿಂದ 8ನೇ ತರಗತಿಗಳಿಗೆ, ಅದೂ ಮಕ್ಕಳ ಸಂಖ್ಯೆ ನೂರು ದಾಟಿದ್ದರೆ ಮಾತ್ರ. ಮಲೆನಾಡಿನ ಸಣ್ಣ ಶಾಲೆ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ನಾಲ್ಕು ಮತ್ತು ಐದನೇ ತರಗತಿ ಎಲ್ಲಿಯೂ ಬರುವುದಿಲ್ಲ.

ಈ ವಯಸ್ಸಿನವರಿಗೆ ಕಲಿಸಬೇಕಾದ್ದು ನೋಡುವುದನ್ನು. ಪ್ರತಿ ಮಗುವಿಗೂ ಬೇರೆಬೇರೆ ಎಲೆ ಕೊಡಿ: ದಾಸವಾಳ, ಹಲಸು, ಸಂಪಿಗೆ, ಪಪ್ಪಾಯಿ. ಮೊದಲ 10 ನಿಮಿಷ ಪೆನ್ಸಿಲ್ ಮುಟ್ಟಬಾರದು. ಅಂಚಿನ ಮೇಲೆ ಬೆರಳಾಡಿಸಿ, ನಡುನರದಿಂದ ಕವಲುಗಳು ಎದುರುಬದುರಾಗಿ ಹೊರಟಿವೆಯೋ ಒಂದು ಬಿಟ್ಟು ಒಂದೋ ಎಂದು ನೋಡಲಿ. ಆಮೇಲೆ ರಬ್ಬರ್ ಇಲ್ಲದೆ 15 ನಿಮಿಷ ಬರೆಯಲಿ. ರಬ್ಬರ್ ಕೈಯಲ್ಲಿದ್ದರೆ ಮೊದಲ ಗೆರೆಯಲ್ಲೇ ಅವಧಿ ಮುಗಿಯುತ್ತದೆ. ಮುಂದಿನ ವಾರ ಚೊಂಬಿನ ಹಿಂದೆ ಒಂದು ತೆಂಗಿನಕಾಯಿ ಇಡಿ. ಮುಂದಿನ ವಸ್ತು ಹಿಂದಿನದನ್ನು ಮರೆಮಾಡುತ್ತದೆ ಎಂಬುದು ಕಣ್ಣಿಗೆ ಬಿದ್ದ ದಿನವೇ ಹಸುವಿನ ಕಾಲುಗಳ ಸಮಸ್ಯೆಯೂ ಅರ್ಧ ಬಗೆಹರಿಯುತ್ತದೆ. ಶಿಕ್ಷಕರಾದವರು ಒಂದು ತಪ್ಪನ್ನು ಮಾತ್ರ ಮಾಡಬಾರದು: ಮಗುವಿನ ಹಾಳೆಯ ಮೇಲೆ ತಮ್ಮ ಕೈಯಿಂದ ತಿದ್ದುವುದು. ತೋರಿಸಲೇಬೇಕಾದರೆ ಬೇರೆ ಹಾಳೆಯಲ್ಲಿ ಬರೆದು ತೋರಿಸಿ, ಅದನ್ನು ಮಡಚಿಡಿ.

ಸಾಮಗ್ರಿಗೆ ಹಣವಿಲ್ಲ ಎಂಬುದು ಅರ್ಧ ನಿಜ. 22×30 ಇಂಚಿನ ಡ್ರಾಯಿಂಗ್ ಶೀಟನ್ನು ನಾಲ್ಕು ಮಾಡಿದರೆ 11×15 ಇಂಚಿನ ಹಾಳೆ ಸಿಗುತ್ತದೆ. 40 ಮಕ್ಕಳಿಗೆ 10 ಶೀಟು ಸಾಕು. ಜೆರಾಕ್ಸ್ ಹಾಳೆ ಬೇಡ, ನೀರು ಬಣ್ಣ ತಾಗಿದೊಡನೆ ಉಬ್ಬಿ ಹರಿಯುತ್ತದೆ. ಬಣ್ಣಕ್ಕೆ ಸಾಗರ ಸೀಮೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಮನೆಯ ಗೋಡೆಯ ಮೇಲೆ ಬರೆಯುವ ಚಿತ್ತಾರವನ್ನೇ ನೋಡಬಹುದು. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅರೆದ ಅಕ್ಕಿ, ಕಪ್ಪಿಗೆ ಕರಕಲಾಗುವಷ್ಟು ಹುರಿದ ಅಕ್ಕಿ, ಹಳದಿಗೆ ಗುರಿಗೆಕಾಯಿ, ಕುಂಚಕ್ಕೆ ಪುಂಡಿನಾರು. ಕಾಗದದ ಮೇಲೆ ಬಳಸುವುದಾದರೆ ಕೆಮ್ಮಣ್ಣನ್ನು ತೆಳು ಬಟ್ಟೆಯಲ್ಲಿ ಸೋಸಿ, ನೀರಿನಲ್ಲಿ ಕಲಸಿ, ಸ್ವಲ್ಪ ಅಂಟು ಬೆರೆಸಬೇಕು. ಅಂಟು ಕಡಿಮೆಯಾದರೆ ಒಣಗಿದ ಮೇಲೆ ಬಣ್ಣ ಪುಡಿಪುಡಿಯಾಗಿ ಕೈಗೆ ಹತ್ತುತ್ತದೆ, ಹೆಚ್ಚಾದರೆ ಹೊಳಪು ಬಂದು ಬಿರುಕು ಬಿಡುತ್ತದೆ. ಮೊದಲು ತುಂಡು ಕಾಗದದ ಮೇಲೆ ಬಳಿದು, ಒಣಗಿಸಿ, ಬೆರಳಿನಿಂದ ಉಜ್ಜಿ ನೋಡಿದರೆ ಹದ ಸಿಗುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಲ್ಲ ವಿಷಯಗಳ ಜೊತೆ ಕಲೆಯನ್ನು ಬೆಸೆಯಬೇಕು ಎನ್ನುತ್ತದೆ. ಒಳ್ಳೆಯದೇ. ಆದರೆ ಪಾಠದ ಚಾರ್ಟಿಗೆ ಬಣ್ಣ ತುಂಬುವುದನ್ನೇ ಬೆಸುಗೆ ಎಂದು ತಿಳಿದರೆ ಮಗುವಿಗೆ ಚಿತ್ರವೂ ದಕ್ಕುವುದಿಲ್ಲ, ಪಾಠವೂ ದಕ್ಕುವುದಿಲ್ಲ. ನಿಜವಾದ ಬೆಸುಗೆ ಚುಕ್ಕಿ ರಂಗೋಲಿಯಲ್ಲಿದೆ. ನಡುಸಾಲಿನಲ್ಲಿ 7 ಚುಕ್ಕಿ ಇಟ್ಟು, ಚುಕ್ಕಿಗಳ ಸಂದಿಗೆ ಚುಕ್ಕಿ ಬರುವಂತೆ ಮೇಲೂ ಕೆಳಗೂ 6, 5, 4 ಎಂದು ಇಳಿಸುತ್ತಾ ಹೋದರೆ ಒಟ್ಟು ಎಷ್ಟು? 37. ಮಡಿಕೆ ಎಲ್ಲೆಲ್ಲಿ ಹಾಕಿದರೆ ಎರಡು ಬದಿಯೂ ಸರಿಹೊಂದುತ್ತವೆ? ಐದನೇ ತರಗತಿಯ ಮಗು ಸಮ್ಮಿತಿಯನ್ನು ಇಲ್ಲಿ ಕೈಯಿಂದಲೇ ಕಲಿಯುತ್ತದೆ.

ಪ್ರತಿಭಾ ಕಾರಂಜಿಯ ಬಗ್ಗೆ ಒಂದು ಮಾತು. ಸ್ಪರ್ಧೆ ಇರಲಿ. ಆದರೆ ಹಲವು ಶಾಲೆಗಳಲ್ಲಿ ವರ್ಷದ ಕಲಾ ಶಿಕ್ಷಣವೆಂದರೆ ಅದರ ತಯಾರಿಯೇ ಆಗಿದೆ. ಈಗಾಗಲೇ ಚೆನ್ನಾಗಿ ಹಾಡುವ, ಬರೆಯುವ ಇಬ್ಬರು ಮೂವರಿಗೆ ತಿಂಗಳಿಡೀ ಅಭ್ಯಾಸ, ಉಳಿದವರು ಚಪ್ಪಾಳೆ ತಟ್ಟುವವರು. ಕಲಾ ಅವಧಿ ಹೆಚ್ಚು ಬೇಕಿರುವುದು ಆ ಚಪ್ಪಾಳೆ ತಟ್ಟುವವರಿಗೆ. ಹಾಡಿನಲ್ಲೂ ಹೀಗೆಯೇ. ಮೇಷ್ಟ್ರು ತಮ್ಮ ತಗ್ಗು ಶ್ರುತಿಯಲ್ಲಿ ನಾಡಗೀತೆ ಎತ್ತಿಕೊಂಡರೆ ಕೆಳಗಿನ ಸ್ವರ ಮಕ್ಕಳ ಗಂಟಲಿಗೆ ಎಟುಕದೆ ಅವರು ಕೂಗತೊಡಗುತ್ತಾರೆ; ಆಮೇಲೆ ‘ಇವರಿಗೆ ಶ್ರುತಿಯೇ ಇಲ್ಲ’ ಎಂಬ ಮಾತು ಬರುತ್ತದೆ. ಹಾಡನ್ನು ಮಗುವಿನಿಂದ ಎತ್ತಿಸಿ, ಆ ಶ್ರುತಿಗೆ ಮೇಷ್ಟ್ರು ಸೇರಿಕೊಳ್ಳಲಿ.

ಪ್ರತಿ ಪ್ರಾಥಮಿಕ ಶಾಲೆಗೂ ಒಬ್ಬ ಕಲಾ ಶಿಕ್ಷಕರನ್ನು ನೇಮಿಸಿ ಎಂದರೆ ಕಡತ ಅಲ್ಲೇ ನಿಲ್ಲುತ್ತದೆ. ಅದರ ಬದಲು ಕ್ಲಸ್ಟರ್‌ಗೆ, ಅಂದರೆ ಅಕ್ಕಪಕ್ಕದ ಶಾಲೆಗಳ ಒಂದು ಗುಂಪಿಗೆ, ಒಬ್ಬ ಅರೆಕಾಲಿಕ ಬೋಧಕರನ್ನು ಕೊಡಿ. ದಿನಕ್ಕೊಂದು ಶಾಲೆಯಂತೆ ವಾರಕ್ಕೆ ಐದು ಶಾಲೆ, ಪ್ರತಿ ಶಾಲೆಯಲ್ಲೂ 4, 5, 6ನೇ ತರಗತಿಗಳಿಗೆ ತಲಾ ಎರಡು ಅವಧಿ. ದಿನಕ್ಕೆ ಆರು ಅವಧಿಯಾಯಿತು, ಅಷ್ಟೇ. ಜನರ ಕೊರತೆಯಿಲ್ಲ. ಹೆಗ್ಗೋಡಿನ ನೀನಾಸಂನ ರಂಗಶಿಕ್ಷಣ ಕೇಂದ್ರ 1980ರಿಂದ ರಂಗಕರ್ಮಿಗಳನ್ನು ತಯಾರು ಮಾಡುತ್ತಿದೆ, ಚಿತ್ರಕಲಾ ಶಾಲೆಗಳಿಂದ ವರ್ಷವರ್ಷವೂ ಯುವಕ ಯುವತಿಯರು ಹೊರಬರುತ್ತಿದ್ದಾರೆ. ಚಿತ್ತಾರ ಬಲ್ಲ ಅಜ್ಜಿಯನ್ನು ತಿಂಗಳಿಗೊಮ್ಮೆ ಶಾಲೆಗೆ ಕರೆಸಿ ಗೌರವಧನ ಕೊಡುವುದಕ್ಕೂ ದೊಡ್ಡ ಮೊತ್ತವೇನೂ ಬೇಕಿಲ್ಲ.

ಎರಡು ಅವಧಿ ಒಟ್ಟಿಗೇ ಇರಬೇಕು. 40 ನಿಮಿಷದ ಒಂದೇ ಅವಧಿಯಾದರೆ ಹಾಳೆ ಹಂಚಿ, ನೀರು ತಂದು, ಕೊನೆಗೆ ಕೈ ತೊಳೆಸುವುದರಲ್ಲೇ ಅರ್ಧ ಕಳೆಯುತ್ತದೆ. ಮೇ ಕೊನೆಯಲ್ಲಿ ವೇಳಾಪಟ್ಟಿ ಬರೆಯುವಾಗ ಮುಖ್ಯ ಶಿಕ್ಷಕರು ಈ ಜೋಡಿ ಅವಧಿಯನ್ನು ಮೊದಲು ಗುರುತು ಹಾಕಿ, ಗಣಿತ, ಇಂಗ್ಲಿಷ್‌ಗಳನ್ನು ಅದರ ಸುತ್ತ ಕೂರಿಸಲಿ. ಕೊನೆಗೆ ಉಳಿದ ಚೌಕದಲ್ಲಿ ಬರೆದ ‘ಚಿತ್ರಕಲೆ’ ಪರೀಕ್ಷೆ ಹತ್ತಿರ ಬಂದೊಡನೆ ಗಣಿತದ ಪಾಲಾಗುತ್ತದೆ.

– ಒಬ್ಬ ಚಿತ್ರಕಲಾ ಶಿಕ್ಷಕ, ಸಾಗರ