ಗಜನಿಯೂ ಮೀನು ಸಾಕಣೆಯೇ ಅಲ್ಲವೆ?

ಮಾನ್ಯರೆ,

ಮೀನು ಸಾಕಣೆಗೆ ಉತ್ತೇಜನ ಎಂಬ ಮಾತು ಬಂದಾಗಲೆಲ್ಲ ಕರಾವಳಿಯಲ್ಲಿ ಪರ–ವಿರೋಧದ ಎರಡು ಗುಂಪು ಏಳುತ್ತವೆ. ಅಘನಾಶಿನಿ ಹೊಳೆಯ ದಂಡೆಯವರಿಗೆ ಈ ಜಗಳವೇ ವಿಚಿತ್ರ. ಇಲ್ಲಿ ಭತ್ತ ಬೆಳೆದ ಗಜನಿಯಲ್ಲೇ, ಅಂದರೆ ಉಬ್ಬರದ ಉಪ್ಪುನೀರು ಬಂದುಹೋಗುವ ಹೊಳೆಯಂಚಿನ ಗದ್ದೆಯಲ್ಲೇ, ತಲೆಮಾರುಗಳಿಂದ ಮೀನು, ಶೆಟ್ಲಿಯೂ (ಸಿಗಡಿ) ಬೆಳೆದಿವೆ.

ಮಳೆಗಾಲದಲ್ಲಿ ಗಜನಿ ತುಂಬ ಕಗ್ಗ ಭತ್ತ. ಉಪ್ಪುನೀರು ನುಗ್ಗಿದರೂ ಜಗ್ಗದ ತಳಿ. ಕೊಯ್ಲಿಗೆ ನೀರಿಗಿಳಿದವರು ತೆನೆಯನ್ನಷ್ಟೇ ಕೊಯ್ದು ದಂಟನ್ನು ಅಲ್ಲೇ ಬಿಡುತ್ತಾರೆ. ಅದು ಕೊಳೆತು ಮರಿಗಳಿಗೆ ಮೇವಾಗುತ್ತದೆ. ಗಜನಿ ಕಟ್ಟೆಯಲ್ಲಿ ನೀರು ಬಿಡುವ ಬಾಗಿಲಾದ ಜಂತ್ರಡಿಯ ಹಲಗೆ ಎತ್ತಿದರೆ ಉಬ್ಬರದ ಜತೆ ಮರಿಗಳು ತಾವಾಗಿಯೇ ಒಳಬರುತ್ತವೆ. ಮುಂದೆ ಇಳಿತದ ಹೊತ್ತಿಗೆ ಅದೇ ಬಾಯಿಗೆ ಬಲೆ ಕಟ್ಟಿದರಾಯಿತು. ಮರಿಗೆ ದುಡ್ಡಿಲ್ಲ, ಮೇವಿನ ಚೀಲವಿಲ್ಲ, ಔಷಧದ ಗೊಡವೆಯಿಲ್ಲ.

ತೊಂಬತ್ತರ ದಶಕದಲ್ಲಿ ಗಜನಿಗಳು ಸಿಗಡಿ ಕೊಳಗಳಾಗತೊಡಗಿದವು. ಮೊದಮೊದಲು ಕೈತುಂಬ ಕಾಸು ಬಂದದ್ದು ಸುಳ್ಳಲ್ಲ. ಆಮೇಲೆ ಬಂದದ್ದು ಬಿಳಿಚುಕ್ಕೆ ರೋಗ. ಒಬ್ಬರ ಕೊಳದಲ್ಲಿ ಸಿಗಡಿ ಸತ್ತರೆ ಆ ನೀರು ಹೊಳೆಗೆ. ಅದೇ ಹೊಳೆಯ ನೀರು ಪಕ್ಕದವರ ಕೊಳಕ್ಕೆ. ರೋಗ ಹರಡದೆ ಇನ್ನೇನಾದೀತು? ಕೊಳ ತೊಳೆಯಲು ಸುರಿವ ಬ್ಲೀಚಿಂಗ್ ಪೌಡರ್, ತಿನ್ನದೆ ಉಳಿದ ಮೇವು, ತಳದ ಕೆಸರು ಕೊನೆಗೆ ಸೇರುವುದೂ ಹೊಳೆಯನ್ನೇ. ಆ ಹೊಳೆಯಲ್ಲಿ ಇಳಿತಕ್ಕೆ ಕಾದು, ಕೆಸರಲ್ಲಿ ಕೈಯಾಡಿಸಿ ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರಿದ್ದಾರೆ. ಕೊಳ ತೋಡುವಾಗ ಅವರನ್ನು ಒಂದು ಮಾತು ಕೇಳಿದವರಿದ್ದಾರೆಯೇ?

ಕರಾವಳಿ ನಿಯಂತ್ರಣ ವಲಯದಲ್ಲಿ ಸಿಗಡಿ ಕೊಳ ಕೂಡದು ಎಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಾಗಲೂ ಸಾಂಪ್ರದಾಯಿಕ ಪದ್ಧತಿಗೆ ಅವಕಾಶ ಉಳಿಸಿತ್ತು. 2005ರ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ತಂದು, ತಪ್ಪು ಮಾಡಿದವರಿಗಿದ್ದ ಜೈಲುಶಿಕ್ಷೆ ತೆಗೆದು ದಂಡಕ್ಕಿಳಿಸಿದರು. ಮರುವರ್ಷವೇ ಅಘನಾಶಿನಿ ಅಳಿವೆಗೆ, ಕಾಪಾಡಬೇಕಾದ ಜೌಗು ಪ್ರದೇಶವೆಂಬ ಅಂತರರಾಷ್ಟ್ರೀಯ ರಾಮ್‌ಸರ್ ಪಟ್ಟ! ಎಡಗೈ ಮಾಡಿದ್ದು ಬಲಗೈಗೆ ಗೊತ್ತಿಲ್ಲವೇನೋ.

ಸಿಗಡಿ ಸಾಕಿ ಬದುಕುವವರನ್ನು ಎಬ್ಬಿಸಿ ಎಂದು ನಾನು ಹೇಳುತ್ತಿಲ್ಲ. ಸಾಲ ಮಾಡಿ ಕೊಳ ತೋಡಿದವರ ಪಾಡು ಎಲ್ಲರಿಗೂ ಗೊತ್ತು. ಕೊಳದ ನೀರನ್ನು ಸಂಸ್ಕರಿಸದೆ ಹೊಳೆಗೆ ಬಿಡದಂತೆ ನೋಡಿಕೊಂಡರೆ ಸಾಕು. ನನ್ನ ತಕರಾರು ಸಹಾಯಧನದ ಬಗ್ಗೆ. 2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹೊಸ ಕೊಳಕ್ಕೆ ಸಾಮಾನ್ಯ ವರ್ಗದವರಿಗೆ ಶೇ 40, ಪರಿಶಿಷ್ಟರಿಗೆ ಹಾಗೂ ಮಹಿಳೆಯರಿಗೆ ಶೇ 60ರವರೆಗೆ ನೆರವು ಗೊತ್ತುಪಡಿಸಿದರು. ಕಗ್ಗ ಬಿತ್ತುವ ಗಜನಿಯನ್ನೂ ಮೀನು ಸಾಕಣೆ ಎಂದೇ ಲೆಕ್ಕ ಹಿಡಿದು, ಒಡೆದ ಕಟ್ಟೆಗೆ, ಲಡ್ಡಾದ ಜಂತ್ರಡಿ ಹಲಗೆಗೆ ಅದೇ ಪ್ರಮಾಣದಲ್ಲಿ ಹಣ ಕೊಡಲಿ. ಕೇರಳದವರು ಇಂಥದ್ದೇ ಗದ್ದೆಯ ಪೊಕ್ಕಾಳಿ ಅಕ್ಕಿಗೆ 2008ರಲ್ಲೇ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದುಕೊಂಡರು. ನಮ್ಮಲ್ಲಿ ಕಗ್ಗದ ಬೀಜ ಉಳಿಸಿಕೊಂಡವರು ಮಾಣಿಕಟ್ಟೆಯ ಕಡೆಯ ಕೆಲವೇ ರೈತರು. ಕಟ್ಟೆ ಕೆಲಸ ಬೇಸಿಗೆಯಲ್ಲೇ ಮುಗಿಯಬೇಕು. ಮಳೆ ಹಿಡಿದ ಮೇಲೆ ಮಂಜೂರಾದ ಹಣದಿಂದ ಆ ವರ್ಷದ ಬೆಳೆಗೆ ಏನೂ ಪ್ರಯೋಜನವಿಲ್ಲ.

– ಓದುಗ, ಕುಮಟಾ ತಾಲ್ಲೂಕು